ಹನ್ನೆರಡನೆಯ ಸೀಟು

ತೇರದಾಳದ ಅರಿಷಿಣ ವ್ಯಾಪಾರಿ ಸಾವ್ಕಾರರು ಜಮಖಂಡಿಯ ನನ್ನ ಪ್ರವಾಸದ ಆಫೀಸಿಗೆ ಬಂದು, ಫ್ಯಾನಿನ ನೇರ ಕೆಳಗಿನ ಕುರ್ಚಿ ಹಿಡಿದು ಕೂತಾಗ, ಜೈನರ ಶಿಖರಜಿ ಯಾತ್ರೆಯ ಮಾತೇ ಇರಬೇಕೆಂದು ಆ ಫೈಲು ತೆಗೆದಿದ್ದೆ. ಅವರು ಅದನ್ನು ಪಕ್ಕಕ್ಕೆ ಸರಿಸಿದರು.

"ಅದಲ್ಲಪಾ. ಕಾಲಿಗೆ ಹಲಗಿ ಕಟಗೊಂಡು ಬರ್ಫದಾಗ ಜಾರ್ತಾರಲ್ಲ? ಅದಕ್ಕ ಹೋಗೂದೈತಿ. ಮನಿಮಂದಿ ಎಲ್ಲಾರೂ."

"ಸ್ಕೀ ಏನ್ರಿ? ಕಾಶ್ಮೀರಕ್ಕ ಮಾಡಿಕೊಡ್ತೀನ್ರಿ."

"ಕಾಶ್ಮೀರಕ್ಕ ನಮ್ಮ ಬೀಗರು ಹೋಗಿ ಬಂದಾರ," ಎಂದರು.

ಕೊಲ್ಹಾಪುರದ ಆ ಬೀಗರು ಹಿಮದ ಮೇಲೆ ನಿಂತ ಫೋಟೊಗೆ ಚೌಕಟ್ಟು ಹಾಕಿಸಿ ಹಾಲಿನಲ್ಲಿ ತೂಗುಹಾಕಿದ್ದಾರಂತೆ. ಮಗಳ ಮನೆಗೆಂದು ಇವರು ಹೋದಾಗಲೆಲ್ಲ ಅದರ ಎದುರಿನ ಸೋಫಾದಲ್ಲೇ ಕೂರಿಸುತ್ತಾರಂತೆ. "ಅವ್ರ ಬರ್ಫ ಮೊಣಕಾಲಮಟ ಇತ್ತು. ನಮ್ಮದು ಆಳೆತ್ತರ ಇರ್ಬೇಕು. ಜಪಾನದಾಗ ಹಂಗ ಬೀಳತೈತಂತ, ಮೊಮ್ಮಗ ಮೊಬೈಲಿನ್ಯಾಗ ತೋರಿಸ್ಯಾನ." ಹೀಗೆ ಈ ಕೆಲಸ ಶುರುವಾದದ್ದೇ ಹೊಟ್ಟೆಕಿಚ್ಚಿನಿಂದ. ಮುಂದೆ ನನ್ನ ಹೊಟ್ಟೆಕಿಚ್ಚಿನ ಬಗ್ಗೆ ಬಹಳ ಹೇಳುವುದಿದೆ, ಅದಕ್ಕೆ ಇದನ್ನು ಮೊದಲೇ ಹೇಳಿಬಿಟ್ಟೆ.

ಹೊರಡುವಾಗ ಬಾಗಿಲಲ್ಲಿ ನಿಂತು ಅವರು ಇನ್ನೊಂದು ಮಾತು ಆಡಿದರು. "ನಮಗ ಆ ಮಂದಿ ಭಾಷಾ ಬರೂದಿಲ್ಲ, ಇಂಗ್ಲಿಷೂ ಅಷ್ಟರಾಗ ಐತಿ. ನಾವು ಹನ್ನೊಂದ ಮಂದಿ. ಹನ್ನೆರಡನೇದಾಂವ ನೀ ಬಾ. ನಿನ್ನ ಖರ್ಚು ನಂದು."

ನಾನು ಜನರನ್ನು ದುಬೈಗೆ ಕಳಿಸಿದ್ದೇನೆ, ಸಿಂಗಾಪುರಕ್ಕೆ ಕಳಿಸಿದ್ದೇನೆ. ಎಂಟು ವರ್ಷದ ಹಿಂದೆ ಮಾಡಿಸಿದ ನನ್ನ ಪಾಸ್‌ಪೋರ್ಟಿನಲ್ಲಿ ಮಾತ್ರ ಒಂದು ಮುದ್ರೆಯೂ ಇಲ್ಲ. ಗಿರಾಕಿಗಳು ಮರಳಿ ಬಂದು ಸಮುದ್ರದ, ಗೋಪುರದ ಫೋಟೊ ತೋರಿಸುವಾಗ "ಭಾಳ ಛಲೋ ಅದಾವ್ರಿ" ಎನ್ನುತ್ತ ಒಳಗೊಳಗೇ ಹಲ್ಲು ಕಡಿಯುವುದೇ ನನ್ನ ವಿದೇಶ ಪ್ರವಾಸ. ಅಂಥವನಿಗೆ ಈ ಮಾತು ಸಿಕ್ಕರೆ ಏನಾಗಬೇಕು? ಅವತ್ತು ಸಂಜೆಯೊಳಗೆ ಆಫೀಸಿನ ಎದುರಿನ ಚಹಾದ ಅಂಗಡಿಯವನಿಗೆ, ಬನಹಟ್ಟಿಯ ಬಸ್ಸಿನ ಕಂಡಕ್ಟರನಿಗೆ, ಮನೆಯ ಪಕ್ಕದ ಮಗ್ಗದವರಿಗೆ, ಎಲ್ಲರಿಗೂ ಗೊತ್ತಾಗಿತ್ತು. ಹುಬ್ಬಳ್ಳಿಗೆ ಹೋಗಿ ದಪ್ಪನೆಯ ನೀಲಿ ಜಾಕೀಟು ತಂದೆ. ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಾಗ ಬೆವರಿನಿಂದ ತೊಯ್ದು ತೊಪ್ಪೆಯಾದೆ, ತೆಗೆಯಲು ಮನಸ್ಸು ಬರಲಿಲ್ಲ.

"ಹೊರಗ ಬಿಸಲ ನೋಡ್ರಿ," ಎಂದಳು ಹೆಂಡತಿ. "ಯಾರರ ನೋಡಿದ್ರ ಜ್ವರ ಬಂದಾವ ಅಂತಾರ."

ಕೆಲಸಕ್ಕೆ ಕೂತೆ. ಟೋಕಿಯೊದಿಂದ ರೈಲಿನಲ್ಲಿ ಎರಡು ತಾಸಿನೊಳಗೆ ಸಿಗುವ ನಾಗಾನೊ ಸೀಮೆಯ ಬೆಟ್ಟಗಳನ್ನು ಆರಿಸಿದೆ. ಅಲ್ಲಿ ಹೊಸಬರಿಗೆ ಸಣ್ಣ ಇಳಿಜಾರುಗಳಿವೆ, ಮಕ್ಕಳಿಗೆ ಬೇರೆ ತರಗತಿ ಇದೆ, ಇಂಗ್ಲಿಷಿನಲ್ಲಿ ಕಲಿಸುವವರಿದ್ದಾರೆ. ಬೆಟ್ಟ ಹತ್ತಿಸುವ ಯಾವ ಲಿಫ್ಟು ಎಷ್ಟಕ್ಕೆ ಶುರು, ಎಷ್ಟಕ್ಕೆ ಬಂದ್, ಯಾವುದು ಗಾಳಿ ಬೀಸಿದರೆ ನಿಲ್ಲುತ್ತದೆ ಎಂಬುದೆಲ್ಲ ಹದಿನೈದು ದಿನದಲ್ಲಿ ಬಾಯಿಪಾಠವಾಯಿತು. ಜಮಖಂಡಿಯ ಓಣಿಗಳಲ್ಲಿ ನಾನು ಈಗಲೂ ದಾರಿ ತಪ್ಪುತ್ತೇನೆ. ಆ ಬೆಟ್ಟದ ಮೇಲೆ ಕಣ್ಣು ಕಟ್ಟಿ ಬಿಟ್ಟಿದ್ದರೂ ಇಳಿದು ಬರುತ್ತಿದ್ದೆ.

ಸಲಕರಣೆ ಬಾಡಿಗೆಗೆ ಕೊಡುವವರು ಪ್ರತಿಯೊಬ್ಬರ ಎತ್ತರ, ತೂಕ, ಪಾದದ ಉದ್ದ ಕೇಳಿದ್ದರು. ಕಾಗದದ ಮೇಲೆ ಎಲ್ಲರನ್ನೂ ನಿಲ್ಲಿಸಿ ಪೆನ್ಸಿಲಿನಿಂದ ಪಾದ ಬರೆದುಕೊಂಡೆ. ತೂಕದಲ್ಲಿ ಮೋಸವಾಯಿತು. ಸಾವ್ಕಾರರ ಇಬ್ಬರು ಸೊಸೆಯಂದಿರೂ ಐದಾರು ಕಿಲೋ ನುಂಗಿ ಹೇಳಿದ್ದು ನೋಡಿದರೇ ತಿಳಿಯುತ್ತಿತ್ತು. ಆದರೆ ಹಲಗೆಗೆ ಬೂಟು ಕಚ್ಚಿಸುವ ಬಿಗಿತವನ್ನು ತೂಕ ನೋಡಿಯೇ ಕೂರಿಸುತ್ತಾರೆ. ಕಡಿಮೆ ಹೇಳಿದರೆ ನಡುದಾರಿಯಲ್ಲಿ ಬೂಟು ಬಿಚ್ಚಿಕೊಳ್ಳುತ್ತದೆ, ಹೆಚ್ಚು ಹೇಳಿದರೆ ಬಿದ್ದಾಗ ಬಿಚ್ಚದೆ ಕಾಲು ಮುರಿಯುತ್ತದೆ. ಇದನ್ನು ವಿವರಿಸಿ, ಕಡೆಗೆ ಇಡೀ ಮನೆಯನ್ನು ಅರಿಷಿಣದ ಗೋದಾಮಿಗೆ ಕರೆದೊಯ್ದು ಚೀಲ ತೂಗುವ ಕಾಟಾದ ಮೇಲೆ ಒಬ್ಬೊಬ್ಬರನ್ನೇ ನಿಲ್ಲಿಸಿದೆ. ಹಮಾಲರು ನಗು ತಡೆಯಲು ಅತ್ತ ತಿರುಗಿ ನಿಂತಿದ್ದರು.

ಎಲ್ಲರೂ ಇಳಿದ ಮೇಲೆ ಸಾವ್ಕಾರರ ತಾಯಿ ನನ್ನನ್ನು ಹತ್ತಿರ ಕರೆದರು. ಮನೆಯವರೆಲ್ಲ ಅವರನ್ನು ಆಯಿ ಎನ್ನುತ್ತಾರೆ. ಎಪ್ಪತ್ತು ದಾಟಿದ ಜೀವ. ಸ್ಕೀ ಅವರಿಗೆ ಬೇಕಿರಲಿಲ್ಲ, ಹಿಮವನ್ನೊಮ್ಮೆ ಕಾಣಬೇಕೆಂಬ ಆಸೆ ಮಾತ್ರ ಇತ್ತು.

"ಅಲ್ಲಿ ಹೊತ್ತು ಎಷ್ಟಕ್ಕ ಮುಣಗತೈತಿ, ತಮ್ಮಾ?"

"ಆರಕ್ಕರಿ, ಆಯಿ," ಎಂದುಬಿಟ್ಟೆ. ನಮ್ಮೂರಲ್ಲಿ ಆರಕ್ಕೆ ಮುಳುಗುವ ಸೂರ್ಯ ಎಲ್ಲ ಕಡೆಯೂ ಆರಕ್ಕೇ ಮುಳುಗುತ್ತಾನೆಂದು ನಂಬಿದ ಪ್ರವಾಸದ ಏಜೆಂಟ್ ನಾನು.

ಆಫೀಸಿಗೆ ಬಂದು ನೋಡಿದರೆ, ನಾವು ಹೊರಡಬೇಕೆಂದಿದ್ದ ಡಿಸೆಂಬರಿನಲ್ಲಿ ಅಲ್ಲಿ ನಾಲ್ಕೂವರೆ ದಾಟುತ್ತಲೇ ಸೂರ್ಯಾಸ್ತ. ಆಯಿ ವ್ರತದವರು. ಜೈನರಲ್ಲಿ ಕತ್ತಲಾದ ಮೇಲೆ ಉಣ್ಣದಿರುವುದು ಎಲ್ಲರಿಗೂ ಗೊತ್ತಿದ್ದದ್ದೇ. ಆಯಿಯದು ಇನ್ನೂ ಬಿಗಿ. ಹೊತ್ತು ಮುಳುಗಲು ಎರಡು ಗಳಿಗೆ, ಅಂದರೆ ಮುಕ್ಕಾಲು ತಾಸಿಗೂ ತುಸು ಹೆಚ್ಚು ಇರುವಾಗಲೇ ಕೈ ತೊಳೆದು ಏಳಬೇಕು. ಅವರನ್ನು ಬಿಟ್ಟು ಮನೆಯ ಉಳಿದವರು ತಾಟಿನ ಮುಂದೆ ಕೂರುವ ರೂಢಿ ಇಲ್ಲ. ನಾನು ಗೊತ್ತುಮಾಡಿದ್ದ ವಸತಿಯಲ್ಲಿ ಊಟ ಸಂಜೆ ಆರಕ್ಕೆ. ಅದರಲ್ಲೂ ಒಣಮೀನಿನ ರಸ ಬೀಳದ ಪದಾರ್ಥವೇ ಇಲ್ಲ.

ಹೊತ್ತು ಉದ್ದವಾಗಲಿ ಎಂದು ಪ್ರವಾಸವನ್ನು ಫೆಬ್ರುವರಿಗೆ ತಳ್ಳಿದೆ. ಮಕ್ಕಳ ಶಾಲೆಗೆ ರಜೆಯ ಅರ್ಜಿ ನಾನೇ ಬರೆದುಕೊಟ್ಟೆ. ಇನ್ನೂ ಮುಂದಕ್ಕೆ ಹೋದರೆ ಫಾಲ್ಗುಣದ ನಂದೀಶ್ವರ ಪರ್ವ ಅಡ್ಡ ಬರುತ್ತಿತ್ತು. ಆ ಎಂಟು ದಿನ ಆಯಿ ಬಸದಿ ಬಿಟ್ಟು ಕದಲುವವರಲ್ಲ. ಎರಡರ ನಡುವೆ ಒಂಬತ್ತು ದಿನ ಸಿಕ್ಕವು. ವಸತಿಯವರಿಗೆ ಮೀನಿನ ರಸ ಬಿಟ್ಟು ಅಡುಗೆ ಮಾಡಲಾದೀತೇ ಎಂದು ಬರೆದೆ. ಬಹಳ ಮರ್ಯಾದೆಯಿಂದ ಕ್ಷಮೆ ಕೇಳಿ, ಆಗುವುದಿಲ್ಲ ಎಂದರು. ಅದನ್ನು ರದ್ದು ಮಾಡಿ, ಅಡುಗೆಮನೆ ಇರುವ ಒಂದು ಪೂರ್ತಿ ಮನೆ ಹಿಡಿದೆ. ಹನ್ನೆರಡು ಹಾಸಿಗೆ, ಹನ್ನೆರಡು ಸೀಟಿನ ಗಾಡಿ.

ಅಡುಗೆ ಮಾಡುವವರು ಯಾರು ಎಂಬ ಪ್ರಶ್ನೆ ನನಗೆ ಹೊಳೆಯಲಿಲ್ಲವೆಂದಲ್ಲ. ಹೊಳೆದದ್ದನ್ನು ಒಂದು ವಾರ ಬಾಯಿಬಿಡಲಿಲ್ಲ. ಬದಲಿಗೆ ಬಿಸಿನೀರು ಹಾಕಿದರೆ ಸಿದ್ಧವಾಗುವ ಪೊಟ್ಟಣಗಳು, ಕಡಕ್ ರೊಟ್ಟಿ, ಶೇಂಗಾ ಚಟ್ನಿ ಎಂದು ಉದ್ದನೆಯ ಯಾದಿ ಮಾಡಿಕೊಂಡು ತೇರದಾಳಕ್ಕೆ ಹೋಗಿ ಓದಿದೆ.

ಆಯಿ ಪೂರ್ತಿ ಕೇಳಿಸಿಕೊಂಡರು. "ನಿನ್ನಿ ಮಾಡಿದ್ದು ನಾ ತಿನ್ನೂದಿಲ್ಲ, ತಮ್ಮಾ. ಪ್ಯಾಕೀಟಿನ್ಯಾಗಿಂದಂತೂ ಯಾವಾಗಿಂದೋ ಏನೋ."

ಸಾವ್ಕಾರರು ಸೊಸೆಯಂದಿರ ಕಡೆ ನೋಡಿದರು. ಹಿರಿಯ ಸೊಸೆ ಸೆರಗು ಸರಿಮಾಡಿಕೊಂಡಳು. "ಮಾವಾರ, ಒಲಿ ಮುಂದ ಇಲ್ಲೇ ನಿಂದರ್ತೇವಲ್ರಿ? ಅದಕ್ಕ ಜಪಾನಕ್ಕ ಯಾಕ ಹೋಗ್ಬೇಕು?"

ಆಗ ಸಾವ್ಕಾರರು ನನ್ನ ಕಡೆ ತಿರುಗಿದರು. "ಹಂಗಾರ ಅಡಿಗಿಯಾಕಿನ್ನ ಕರಕೊಂಡ ಹೋಗಬೇಕಾತು. ಸೀಟು ಹನ್ನೆರಡ ಅಲ್ಲೇನು? ನೀ ಎಲ್ಲಾ ತಯಾರಿ ಮಾಡಿ ಕೊಟ್ಟಿ. ಇಲ್ಲೇ ಕುಂತು ಫೋನಿನ್ಯಾಗ ಹೇಳಿದ್ರ ನಡೀತೈತಲ್ಲಪಾ?"

"ನಡೀತೈತ್ರಿ," ಎಂದೆ. ಆಫೀಸಿಗೆ ಬಂದವನೇ ಮನೆಯ ಮಾಲೀಕರಿಗೆ ಹದಿಮೂರನೆಯವನಿಗೆ ನೆಲದ ಮೇಲಾದರೂ ಜಾಗ ಇದೆಯೇ ಎಂದು ಬರೆದು ಕೇಳಿದೆ. ವಿಮೆ ಹನ್ನೆರಡು ಮಂದಿಗೆ ಮಾತ್ರ, ಗಾಡಿಯೂ ಅಷ್ಟೇ ಎಂದು ಉತ್ತರ ಬಂತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದ ಮನೆಯಲ್ಲಿ ನನಗೇ ಜಾಗವಿರಲಿಲ್ಲ.

ಹಬ್ಬ, ವ್ರತಗಳಿಗೆ ಸಾವ್ಕಾರರ ಮನೆಗೆ ಬರುವ ಅಡುಗೆಯ ಅಕ್ಕ ಐವತ್ತರ ಆಸುಪಾಸಿನ ವಿಧವೆ. ತೇರದಾಳಕ್ಕೆ ಮುನಿಗಳು ಬಂದಾಗ ಆಹಾರದ ಸಿದ್ಧತೆ ಅವಳಿಗೇ ಒಪ್ಪಿಸುತ್ತಾರೆ, ಅಷ್ಟು ಶುದ್ಧ ಎಂದು ಹೆಸರು. ಮಿರಜ ದಾಟಿದವಳಲ್ಲ. ಅವಳ ಪಾಸ್‌ಪೋರ್ಟಿನಿಂದ ಹಿಡಿದು ಎಲ್ಲವನ್ನೂ ನಾನೇ ಮಾಡಿಸಬೇಕಾಯಿತು. ಶಾಲೆಯ ದಾಖಲೆ ಹುಡುಕಿಸಿದೆ, ಪೊಲೀಸ್ ಪರಿಶೀಲನೆಗೆ ಎರಡು ಸಲ ಠಾಣೆಗೆ ಹೋದೆ, ಫೋಟೊ ತೆಗೆಸುವಾಗ "ಹಣಿ ಮ್ಯಾಲಿನ ಕೂದಲಾ ಸರಸ್ರಿ" ಎಂದು ಹೇಳಿದೆ. ಅವಳ ಹೆಸರನ್ನು ಅರ್ಜಿಯಲ್ಲಿ ಬರೆದಾಗಲೆಲ್ಲ ನನ್ನ ಹೆಸರನ್ನು ಹೊಡೆದುಹಾಕಿ ಬರೆದಂತೆ ಆಗುತ್ತಿತ್ತು. ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ: ಅವಳನ್ನು ಕಂಡರೆ ಮೈ ಉರಿಯುತ್ತಿತ್ತು. ಅವಳೇನಾದರೂ ಜಂಬ ಪಟ್ಟಿದ್ದರೆ ಒಂದಿಷ್ಟು ಸಮಾಧಾನವಾಗುತ್ತಿತ್ತೇನೋ. ಬಂದಾಗಲೆಲ್ಲ ಅವಳು "ನಿಮಗ ಭಾಳ ತ್ರಾಸ ಆತ್ರಿ, ಅಣ್ಣಾರ" ಎನ್ನುತ್ತಿದ್ದಳು.

ಒಂದು ದಿನ ಸಾವ್ಕಾರರು ಫೋನು ಮಾಡಿ, "ನಿನ್ನ ಆ ನೀಲಿ ಜಾಕೀಟು ಆಕಿಗಿ ಕೊಡಪಾ, ಹೊಸಾದ ಯಾಕ ತಗೋಬೇಕು," ಎಂದರು. ಆಕೆಗೆ ಭಾಳ ದೊಡ್ಡದಾಗುತ್ತದೆ ಎಂದೆ. ಅಳತೆ ನೋಡಿದ್ದೆ, ಸರಿಯಾಗಿಯೇ ಆಗುತ್ತಿತ್ತು.

ಹನ್ನೆರಡು ವೀಸಾ ಅರ್ಜಿಗಳಲ್ಲಿ ಹನ್ನೊಂದು ಮಂಜೂರಾದವು. ಅವಳದನ್ನು ಮಾತ್ರ ತಿರುಗಿಸಿ ಕಳಿಸಿದರು. ಇವರು ಮನೆಯವರಲ್ಲ, ಕುಟುಂಬದ ಜೊತೆ ಯಾಕೆ ಬರುತ್ತಿದ್ದಾರೆ, ಇವರು ಬಾರದಿದ್ದರೆ ಏನು ತೊಂದರೆ, ವಿವರವಾದ ಪತ್ರ ಕೊಡಿ ಎಂದಿದ್ದರು. ಸಾವ್ಕಾರರಿಗೆ ತಿಳಿಸಿದೆ.

"ಪತ್ರ ಬರಿ. ಬಂದ್ರ ಬಂತು. ಬರಲಿಲ್ಲಂದ್ರ ನೀ ನಡಿ," ಎಂದರು. "ನಿಂದೂ ಕಾಗದಾ ತಯಾರ ಇಡು. ಆಯಿ ಹಣ್ಣು ಹಾಲು ತಗೊಂಡು ಇರ್ತೀನಿ ಅಂದಾಳ."

ಫೋನು ಕೆಳಗಿಟ್ಟೆ. ಸೀಟು ಈಗ ಒಂದು ಪತ್ರದಲ್ಲಿತ್ತು, ಆ ಪತ್ರ ಬರೆಯುವವನು ನಾನು. ಸುಳ್ಳು ಬರೆಯಬೇಕಿರಲಿಲ್ಲ, ಕಡಿಮೆ ಬರೆದರೆ ಸಾಕಿತ್ತು. 'ಇವರು ಕುಟುಂಬಕ್ಕೆ ಪರಿಚಿತರು. ಪ್ರವಾಸದಲ್ಲಿ ಸಹಾಯಕ್ಕಾಗಿ ಜೊತೆಗೆ ಬರುತ್ತಿದ್ದಾರೆ.' ಎರಡೇ ಸಾಲು. ಇಂಥ ಪತ್ರಕ್ಕೆ ಯಾವ ಅಧಿಕಾರಿಯೂ ಮಣಿಯುವುದಿಲ್ಲ ಎಂಬುದು ಈ ಕೆಲಸದಲ್ಲಿ ಇರುವವರಿಗೆ ಗೊತ್ತು. ಟೈಪು ಮಾಡಿ, ಸಹಿಗೆ ಬಾ ಎಂದು ಅಕ್ಕನಿಗೆ ಹೇಳಿಕಳಿಸಿದೆ.

ಅವಳು ಬಸ್ಸಿಳಿದು ಬಂದು, ಚಪ್ಪಲಿ ಹೊರಗೆ ಬಿಟ್ಟು, ಕುರ್ಚಿಯ ತುದಿಗೆ ಕೂತಳು. ಪೆನ್ನು ಕೊಟ್ಟೆ. ಅವಳು ಅದನ್ನು ಹಿಡಿದುಕೊಂಡೇ ಗೋಡೆಯ ಮೇಲೆ ನಾನು ಅಂಟಿಸಿದ್ದ ಆ ಬೆಟ್ಟದ ನಕಾಶೆಯನ್ನು ನೋಡಿದಳು.

"ನಮ್ಮ ಮನಿ ಯಾವದ್ರಿ?"

ತೋರಿಸಿದೆ.

"ಗುಡ್ಡ ಯಾವ ದಿಕ್ಕಿಗಿ ಅದಾವ್ರಿ?"

"ಪಡುವಣಕ್ಕ. ಮನಿ ಹಿಂದನ."

"ಎತ್ತರ ಅದಾವೇನ್ರಿ?"

"ನಮ್ಮ ಕಡೆ ಅಂಥಾವು ಇಲ್ಲ."

ಅವಳು ಪೆನ್ನು ಮೇಜಿನ ಮೇಲಿಟ್ಟಳು. "ಹಂಗಾರ ಊಟದ ಹೊತ್ತು ತಪ್ಪೈತ್ರಿ, ಅಣ್ಣಾರ. ನೀವು ಗಡಿಯಾರದ ಲೆಕ್ಕ ಹಾಕೀರಿ. ಆಯಿ ಗಡಿಯಾರ ನೋಡೂದಿಲ್ಲ, ಆಕಾಶ ನೋಡ್ತಾಳ. ಹೊತ್ತು ಗುಡ್ಡದ ಮರೀಗಿ ಹೋತು ಅಂದ್ರ ಆಕಿಗಿ ಅದ ಮುಣಗಿದಂಗ. ಆಮ್ಯಾಗ ಯಾರು ಹೇಳಿದ್ರೂ ತುತ್ತು ಎತ್ತೂದಿಲ್ಲ."

ನಾನು ನಕಾಶೆ ನೋಡಿದೆ. ಅಲ್ಲಿ ಸೂರ್ಯ ಬೆಟ್ಟದ ಹಿಂದೆ ಸರಿಯುವುದು ಪಂಚಾಂಗದ ಸೂರ್ಯಾಸ್ತಕ್ಕಿಂತ ಒಂದು ತಾಸಿಗೂ ಮೊದಲೇ. ಇಳಿಜಾರಿನ ನೆರಳಿನ ಫೋಟೊಗಳನ್ನು ನೂರು ಸಲ ನೋಡಿದ್ದೆ, ಇದು ಹೊಳೆದಿರಲಿಲ್ಲ. ಬೆಳಗ್ಗೆ ಒಂದು ಪಾಠ, ಮನೆಗೆ ಬಂದು ಊಟ, ಮಧ್ಯಾಹ್ನ ಇನ್ನೊಂದು ಪಾಠ, ನಾಲ್ಕಕ್ಕೆ ಎರಡನೆಯ ಊಟ ಎಂದು ನಾನು ಹೆಣೆದಿದ್ದ ದಿನಚರಿ ಪೂರ್ತಿ ಹರಿದುಹೋಯಿತು.

"ಮತ್ತ ಏನ ಮಾಡೂದು?" ಎಂದೆ. ಅಡುಗೆಯವಳನ್ನು ಕೇಳುತ್ತಿದ್ದೇನೆ ಎಂಬುದು ಕೇಳಿದ ಮೇಲೆ ಗೊತ್ತಾಯಿತು.

"ಹೊತ್ತು ಹುಟ್ಟಿ ಎರಡ ಗಳಿಗಿ ಆದಮ್ಯಾಲ ಗಟ್ಟಿ ನಾಷ್ಟಾ ಮಾಡಿ ಕಳಸ್ತೀನ್ರಿ. ಒಂದ ಸಲ ಹೋಗಿ ಒಂದೂವರಿತನಕಾ ಜಾರಲಿ. ಬಂದು ಎಲ್ಲಾರೂ ಒಮ್ಮೆ ಊಟ ಮಾಡಲಿ. ಎರಡೆರಡ ಸಲ ಬೂಟ ಹಾಕೂದು ತಗಿಯೂದು ಯಾಕ್ರಿ?" ಬೆರಳು ಎಣಿಸುತ್ತ, "ಹಿಟ್ಟು ಥಂಡಿ ದಿನದಾಗ ಏಳ ದಿನದ ಮ್ಯಾಲ ನಡ್ಯೂದಿಲ್ರಿ ಆಯಿಗಿ. ಅಲ್ಲೇ ಬೀಸಬೇಕು," ಎಂದಳು.

"ಯಾದ್ಯಾಗ ಮಿಕ್ಸರ್ ಬರದೀನಿ."

"ಅಲ್ಲಿ ಕರೆಂಟು ನಮ್ಮಂಗ ಇರತೈತೇನ್ರಿ?"

ಇರುವುದಿಲ್ಲ. ಅಲ್ಲಿನ ವೋಲ್ಟೇಜು ನಮ್ಮದರ ಅರ್ಧಕ್ಕಿಂತ ಕಡಿಮೆ, ನಮ್ಮ ಮಿಕ್ಸರ್ ಗುಂಯ್‌ಗುಟ್ಟಿ ಸುಮ್ಮನಾಗುತ್ತದೆ. ಮೊಬೈಲ್ ಚಾರ್ಜರಿಗೆ ಇದನ್ನು ವಿಚಾರಿಸಿದ್ದ ನಾನು ಮಿಕ್ಸರಿಗೆ ವಿಚಾರಿಸಿರಲಿಲ್ಲ. "ಸಣ್ಣ ಬೀಸುಕಲ್ಲು ಒಯ್ತೀನ್ರಿ, ಮ್ಯಾಲಿಂದು ಒಂದ ಚೀಲದಾಗ, ತಳದ್ದು ಒಂದ ಚೀಲದಾಗ," ಎಂದು ಅವಳೇ ಮುಗಿಸಿದಳು. ಕಾಳು ಒಯ್ಯಲು ಆ ದೇಶದ ತಪಾಸಣೆ ಬಿಡುವುದಿಲ್ಲ, ಗೋದಿಯನ್ನು ಅಲ್ಲಿಯ ರೈತರಿಂದಲೇ ತರಿಸೋಣ ಎಂದೆ. ಒಂದು ವಿಷಯವಾದರೂ ನನಗೆ ಗೊತ್ತಿತ್ತಲ್ಲ ಎಂದು ಸಣ್ಣ ಸಮಾಧಾನ.

ಅಲ್ಲಿಯತನಕ ಅವಳ ಸೀಟಿನ ಮೇಲಷ್ಟೇ ಹೊಟ್ಟೆಕಿಚ್ಚಿತ್ತು. ಈಗ ಅವಳ ತಲೆಯ ಮೇಲೂ ಶುರುವಾಯಿತು. ಅವಳು ಮತ್ತೆ ಪೆನ್ನು ಎತ್ತಿಕೊಂಡು, "ಎಲ್ಲಿ ಮಾಡ್ಲ್ರಿ ಸಹಿ?" ಎಂದು ಆ ಎರಡು ಸಾಲಿನ ಪತ್ರವನ್ನು ಹತ್ತಿರ ಎಳೆದುಕೊಂಡಳು. ಇಂಗ್ಲಿಷು ಅವಳಿಗೆ ಬರುತ್ತಿರಲಿಲ್ಲ.

ಪತ್ರವನ್ನು ಅವಳ ಕೈಯಿಂದ ತೆಗೆದುಕೊಂಡೆ. "ಇದರಾಗ ತಪ್ಪದಾವ. ಚಹಾ ಕುಡ್ಯಾಕ ಹೋಗಿ ಬರ್ರಿ, ತಾಸ ಹಿಡೀತೈತಿ."

ದೊಡ್ಡ ಮನಸ್ಸು ಮಾಡಿದೆ ಎಂದು ಹೇಳಿಕೊಳ್ಳುವುದಿಲ್ಲ. ನಾನು ಆ ಗಾಡಿಯಲ್ಲಿ ಕೂತು ಹೋದದ್ದೇ ಆದರೆ, ಮುದುಕಿಯೊಬ್ಬರು ಒಂಬತ್ತು ದಿನ ಬಾಳೆಹಣ್ಣು ತಿಂದುಕೊಂಡು ಕಿಟಕಿಯ ಬಳಿ ಕೂರುವುದನ್ನು ನೋಡುತ್ತ ಹೋಗಬೇಕಿತ್ತು. ಅದಕ್ಕಿಂತಲೂ ಹೆಚ್ಚಾಗಿ, ನನ್ನ ಕೈಯಿಂದ ಹೊರಟ ಪ್ರವಾಸ ಕೆಟ್ಟಿತು ಎನ್ನುವ ಮಾತು ನನಗೆ ತಡೆಯದು. ಮೂರು ಪುಟ ಬರೆದೆ. ಆಯಿಯ ವ್ರತ ಏನು, ಗಳಿಗೆ ಎಂದರೇನು, ಹಿಟ್ಟಿಗೆ ದಿನದ ಮಿತಿ ಯಾಕೆ, ಈ ಹೆಂಗಸು ಇಲ್ಲದಿದ್ದರೆ ಆ ವಯಸ್ಸಾದವರು ಯಾಕೆ ಪ್ರವಾಸ ಮಾಡಲಾಗದು, ಹೊಸ ದಿನಚರಿ ತಾಸು ತಾಸಿಗೆ ಹೇಗಿದೆ ಎಲ್ಲವನ್ನೂ. ಇಷ್ಟು ವರ್ಷದಲ್ಲಿ ನಾನು ಬರೆದ ಪತ್ರಗಳಲ್ಲಿ ಅದೇ ಒಳ್ಳೆಯದು. ಹತ್ತು ದಿನಕ್ಕೆ ವೀಸಾ ಬಂತು. ತೇರದಾಳದಿಂದ ಪೇಡೆ ಕಳಿಸಿದರು. ಹೆಂಡತಿ ಒಂದು ತಿಂದು, "ನೀವು ಹೋಗಲಿಲ್ಲಂದ್ರ ಅಲ್ಲಿ ಬರ್ಫ ಏನ ಕರಗೂದಿಲ್ಲ ಬಿಡ್ರಿ," ಎಂದಳು. ಉಳಿದ ಪೇಡೆಯನ್ನೆಲ್ಲ ಚಹಾದ ಅಂಗಡಿಯವನಿಗೆ ಕೊಟ್ಟುಬಂದೆ.

ಹೊರಟ ದಿನ ಹನ್ನೆರಡು ಪಾಸ್‌ಪೋರ್ಟು ಎಣಿಸಿ ಸಾವ್ಕಾರರ ಕೈಗಿಟ್ಟು ಬಂದೆ. ಅಲ್ಲಿ ಮುಟ್ಟಿದ ಮೇಲೆ ದಿನವೂ ಅಕ್ಕನ ಫೋನು. ಮೊದಲ ದಿನ ಒಗ್ಗರಣೆಯ ಹೊಗೆಗೆ ಮನೆಯ ಬೆಂಕಿಗಂಟೆ ಹೊಡೆದುಕೊಂಡು ಮಾಲೀಕರು ಓಡಿಬಂದಿದ್ದರಂತೆ. ಫ್ಯಾನು ಎಲ್ಲಿದೆ, ಯಾವ ಕಿಟಕಿ ತೆರೆಯಬೇಕು ಎಂದು ಇಲ್ಲಿಂದಲೇ ಹೇಳಿದೆ. ಸಾವ್ಕಾರರು ಮೂರನೆಯ ದಿನಕ್ಕೆ ಬೀಳದೆ ನಿಂತರಂತೆ. ಆಯಿ ಹೊತ್ತಿಗೆ ಸರಿಯಾಗಿ ಉಂಡು, ಅಂಗಳದಲ್ಲಿ ಹಿಮವನ್ನು ಬೊಗಸೆಯಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದರಂತೆ. ಎಲ್ಲವೂ ನಾವು ಬರೆದುಕೊಟ್ಟಂತೆಯೇ ನಡೆಯುತ್ತಿತ್ತು. ಫೋನು ಇಟ್ಟ ಮೇಲೆ ದಿನವೂ ಒಂದರ್ಧ ತಾಸು ಗೋಡೆಯ ನಕಾಶೆಯ ಮುಂದೆ ನಿಂತಿರುತ್ತಿದ್ದೆ.

ಆರನೆಯ ದಿನ ನಮ್ಮಲ್ಲಿ ಇನ್ನೂ ಹನ್ನೆರಡು ಹೊಡೆದಿರಲಿಲ್ಲ, ಅವಳ ವಿಡಿಯೋ ಕರೆ ಬಂತು. ಅಲ್ಲಿ ಊಟ ಮುಗಿದು, ತೊಟ್ಟಿಲಿನಂಥ ಲಿಫ್ಟಿನಲ್ಲಿ ಅವಳನ್ನೂ ಕೂರಿಸಿಕೊಂಡು ಬೆಟ್ಟದ ತುದಿಗೆ ಹೋಗಿದ್ದರು. ಮುಖಕ್ಕೆ ಉಣ್ಣೆಯ ಶಾಲು ಸುತ್ತಿಕೊಂಡಿದ್ದಳು. "ಅಣ್ಣಾರ, ನೋಡ್ರಿ, ನೋಡ್ರಿ," ಎಂದು ಫೋನನ್ನು ತಿರುಗಿಸಿದಳು.

ನಾನು ಗೋಡೆಯ ಮೇಲೆ ಅಂಟಿಸಿಕೊಂಡಿದ್ದ ಬೆಟ್ಟಗಳು ಅಲ್ಲಿ ನಿಂತಿದ್ದವು. ಒಂದೊಂದರ ಹೆಸರೂ ನನಗೆ ಗೊತ್ತಿತ್ತು. ಚಿತ್ರ ಎಷ್ಟು ನಿಚ್ಚಳವಾಗಿತ್ತೆಂದರೆ ಗಾಳಿಗೆ ಹಿಮ ಏಳುವುದೂ ಕಾಣುತ್ತಿತ್ತು. ಇನ್ನೊಂದು ಕ್ಷಣ ನೋಡಿದ್ದರೆ ಅತ್ತುಬಿಡುತ್ತಿದ್ದೆನೋ ಬೈದುಬಿಡುತ್ತಿದ್ದೆನೋ.

"ಕಾಣಾಕತ್ತೈತೇನ್ರಿ?"

"ಇಲ್ಲ," ಎಂದೆ. "ನೆಟ್‌ವರ್ಕ್ ಇಲ್ಲ. ಏನೂ ಕಾಣವಲ್ದು." ಫೋನು ಇಟ್ಟುಬಿಡುತ್ತಾಳೆ ಎಂದುಕೊಂಡಿದ್ದೆ.

"ಅಯ್ಯ, ಹೌದೇನ್ರಿ? ದನಿ ಕೇಳಸ್ತೈತಲ್ಲ? ಹಂಗಾರ ನಾ ಹೇಳ್ತೀನಿ, ಕೇಳ್ರಿ." ಅವಳು ಗಂಟಲು ಸರಿಮಾಡಿಕೊಂಡಳು. "ಮುಂದ ಎಲ್ಲಾ ಬಿಳಿ ಐತ್ರಿ. ಬಿಳಿ ಅಂದ್ರ ಸುಣ್ಣದಂಗಲ್ಲ, ನೆರಳ ಬಿದ್ದಲ್ಲಿ ನೀಲಿ ಕಾಣತೈತಿ. ಗಾಳಿ ಬಂದ್ರ ಹಿಟ್ಟ ಜರಡಿ ಹಿಡಿದಂಗ ಉದರತೈತಿ. ಗಿಡಾ ಎಲ್ಲಾ ಬಾಗ್ಯಾವ್ರಿ, ಹೊರಿ ಹೊತ್ತಂಗ. ಸಪ್ಪಳ ಇಲ್ಲ. ಇಷ್ಟ ಮಂದಿ ಅದಾರ, ಸಪ್ಪಳನ ಇಲ್ರಿ. ಮುಟ್ಟಿದ್ರ ತಂಪ ಅನಸೂದಿಲ್ಲ, ಸುಟ್ಟಂಗ ಆಗತೈತಿ."

ಫೋನು ಹಿಡಿಯಲು ಅವಳು ಕೈಗವಸು ತೆಗೆದಿದ್ದಳು. ಚಿತ್ರದ ಅಂಚಿನಲ್ಲಿ ಅವಳ ಬೆರಳು ಕೆಂಪಗಾಗಿ ನಡುಗುವುದು ಕಾಣುತ್ತಿತ್ತು. ಹಿಂದಿನಿಂದ ಸಾವ್ಕಾರರ ದನಿ ಬಂತು. "ಕೈ ಮರಗಟ್ಟತಾವ ಬಾರಬೇ, ಫೋನ್ ಒಳಗಿಡು."

"ತಡೀರಿ, ಅಣ್ಣಾರಿಗಿ ಕಾಣವಲ್ದಂತ, ಹೇಳಾಕತ್ತೇನಿ." ಅವಳು ಫೋನನ್ನು ಇನ್ನೂ ಮೇಲಕ್ಕೆತ್ತಿ, ನಿಧಾನವಾಗಿ ಎಡಕ್ಕೆ ತಿರುಗಿದಳು. "ಈ ಕಡೆ ಇನ್ನೊಂದ ಗುಡ್ಡ ಐತ್ರಿ, ಭಾಳ ಚಂದ ಐತಿ. ಅದನ್ನೂ ಹೇಳ್ಲೇನ್ರಿ?"

ಕಾಣುತ್ತಿದೆ ಎನ್ನಲು ಬಾಯಿ ತೆರೆದೆ.

"ಹೇಳ್ರಿ," ಎಂದೆ.